ಕೊಡಗಿನಲ್ಲಿ ಕಥೋಲಿಕರ ನೆಲೆ: ಒಂದು ಚಾರಿತ್ರಿಕ ಅವಲೋಕನ

ಕೊಡಗಿನ ಕಥೋಲಿಕರೆಂಬ ಒಂದೇ ಹೆಸರಿನಿಂದ ಇಂದು ಕರೆಯಲ್ಪಡುವ ನಾವು ಒಂದೇ ಊರಿನಿಂದ ಬಂದವರಲ್ಲ. ಒಂದೇ ಕಾಲದಲ್ಲಿ ಬಂದವರೂ ಅಲ್ಲ. ಒಂದೇ ಮಾತನ್ನಾಡುತ್ತ ಬಂದವರಂತೂ ಅಲ್ಲವೇ ಅಲ್ಲ. ನಮ್ಮಲ್ಲಿ ಕೆಲವರ ಪೂರ್ವಜರು ಸೆರೆಯಿಂದ ತಪ್ಪಿಸಿಕೊಂಡು ಬಂದವರು. ಕೆಲವರ ಪೂರ್ವಜರು ಮೇಸ್ತ್ರಿಯ ಮುಂಗಡ ಹಣಕ್ಕೆ ಕಟ್ಟುಬಿದ್ದು ನಡೆದು ಬಂದವರು. ಇನ್ನು ಕೆಲವರು ತೋಟದ ಲೆಕ್ಕ ಬರೆಯಲು, ಮರಗೆಲಸ ಮಾಡಲು, ಮಕ್ಕಳಿಗೆ ಪಾಠ ಹೇಳಲು, ಮೆಣಸು ಬೆಳೆಯಲು ಬಂದವರು. ನಮ್ಮ ದೇವಾಲಯವು ನೂರು ವರ್ಷಗಳನ್ನು ಪೂರೈಸುತ್ತಿರುವ ಈ ಶುಭ ಸಂದರ್ಭದಲ್ಲಿ, ಇಷ್ಟು ಬೇರೆಬೇರೆ ದಾರಿಗಳು ಒಂದೇ ಬಲಿಪೀಠದ ಮುಂದೆ ಹೇಗೆ ಬಂದು ಕೂಡಿದವೆಂಬುದನ್ನು ಅರಿತುಕೊಳ್ಳುವುದು ಉಚಿತವೆಂದು ಭಾವಿಸಿದ್ದೇವೆ. ಗುರುಗಳ, ದಾನಿಗಳ, ಕಟ್ಟಡಗಳ ಸ್ಮರಣೆ ಈ ಸಂಚಿಕೆಯ ಬೇರೆ ಪುಟಗಳಿಗೆ ಸೇರಿದ್ದು. ಇಲ್ಲಿ ನಾವು ನೆನೆಯಬಯಸುವುದು ನೆಲದ ಮಾತನ್ನು: ಬಂದವರಲ್ಲಿ ಯಾರಿಗೆ ನೆಲ ದೊರಕಿತು, ಯಾರಿಗೆ ದೊರಕಲಿಲ್ಲ, ದೊರಕದವರಿಗೆ ಧರ್ಮಕೇಂದ್ರವು ಏನಾಯಿತು ಎಂಬುದನ್ನು.

ಕಡಲ ತೀರದಿಂದ ಘಟ್ಟದ ಮೇಲಕ್ಕೆ

ಮೊದಲು ಬಂದವರು ಕೊಂಕಣಿ ಮಾತನಾಡುವ ಕಥೋಲಿಕರು. ಅವರ ಮೂಲ ಗೋವೆ. 16ನೆಯ ಶತಮಾನದಿಂದ 18ನೆಯ ಶತಮಾನದವರೆಗೆ ಯುದ್ಧ, ಕ್ಷಾಮ, ರೋಗ, ಇಂಕ್ವಿಸಿಷನ್ ವಿಚಾರಣೆಯ ಭೀತಿ, ಪೋರ್ಚುಗೀಸರ ತೆರಿಗೆಗಳ ಹೊರೆ, ಹೀಗೆ ನಾನಾ ಕಾರಣಗಳಿಂದ ಅವರು ತಂಡತಂಡವಾಗಿ ಕಡಲ ತೀರದಲ್ಲೇ ದಕ್ಷಿಣಕ್ಕೆ ಸರಿದು ಕೆನರಾ ಸೀಮೆಯಲ್ಲಿ ನೆಲೆಸಿದರು. ಅಲ್ಲಿ ಆಳುತ್ತಿದ್ದ ಕೆಳದಿಯ ಅರಸರು ಒಳ್ಳೆಯ ಬೇಸಾಯಗಾರರೆಂದು ಇವರಿಗೆ ಆಶ್ರಯವಿತ್ತರು. ಕೊಡಗಿಗೆ ಬರುವ ಮೊದಲೇ ಈ ಜನ ಒಮ್ಮೆ ವಲಸೆಯ ಕಷ್ಟವನ್ನುಂಡು, ಅನ್ಯಧರ್ಮೀಯ ಅರಸರ ಔದಾರ್ಯದಿಂದ ನೆಲೆ ಕಂಡವರಾಗಿದ್ದರೆಂಬುದು ಗಮನಾರ್ಹ.

1763ರಲ್ಲಿ ಕೆನರಾ ಸೀಮೆಯು ಹೈದರಾಲಿಯ ವಶವಾಯಿತು. ಎರಡನೆಯ ಮೈಸೂರು ಯುದ್ಧದಲ್ಲಿ ಮಂಗಳೂರಿನ ಕೋಟೆಗಾಗಿ ಇಂಗ್ಲಿಷರಿಗೂ ಟೀಪು ಸುಲ್ತಾನನಿಗೂ ದೀರ್ಘ ಹೋರಾಟ ನಡೆದು, 1784ರ ಜನವರಿಯಲ್ಲಿ ಕೋಟೆ ಟೀಪುವಿನ ಕೈಸೇರಿತು. ಈ ಯುದ್ಧದಲ್ಲಿ ಕ್ರೈಸ್ತರು ಇಂಗ್ಲಿಷರಿಗೆ ನೆರವಾದರೆಂಬ ಆರೋಪದ ಮೇಲೆ ಇಡೀ ಸಮುದಾಯವನ್ನೇ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅದು 1784ರ ಬೂದಿ ಬುಧವಾರದಂದು ಆರಂಭವಾಯಿತೆಂದು ನಮ್ಮ ಹಿರಿಯರ ಪರಂಪರೆ ಹೇಳುತ್ತ ಬಂದಿದೆ. ಸೆರೆಯಾದವರ ಸಂಖ್ಯೆಯನ್ನು ಆ ಕಾಲದವರು 30,000ದಿಂದ 80,000ದವರೆಗೆ ಬೇರೆಬೇರೆಯಾಗಿ ಬರೆದಿದ್ದಾರೆ. ಮುದುಕರು, ಬಾಣಂತಿಯರು, ಎಳೆಯ ಮಕ್ಕಳು ಸಹಿತವಾಗಿ ಘಟ್ಟವನ್ನು ನಡೆದೇ ಹತ್ತಬೇಕಾಯಿತು. ದಾರಿಯಲ್ಲಿಯೂ ಸೆರೆಯಲ್ಲಿಯೂ ಅಸುನೀಗಿದವರು ಬಹುಮಂದಿ. ಕೆನರಾದ ದೇವಾಲಯಗಳು ನೆಲಸಮವಾದವು. ಹೊಲಗದ್ದೆಗಳು ಪರರ ಪಾಲಾದವು.

ಈ ಕಥೆಯನ್ನು ಇಷ್ಟಕ್ಕೇ ನಿಲ್ಲಿಸಿ ಹೇಳುವುದು ನಮ್ಮಲ್ಲಿ ರೂಢಿ. ಆದರೆ ಅದೇ ಕಾಲದಲ್ಲಿ ಕೊಡವರೂ ಸೆರೆ ಹೋದರೆಂಬುದನ್ನು ಮರೆಯಬಾರದು. 1785ರ ಸುಮಾರಿಗೆ ಸಾವಿರಾರು ಮಂದಿ ಕೊಡಗಿನ ಗಂಡಸರು, ಹೆಂಗಸರು, ಮಕ್ಕಳು ಶ್ರೀರಂಗಪಟ್ಟಣಕ್ಕೆ ಒಯ್ಯಲ್ಪಟ್ಟರು. ಕೊಡಗಿನ ರಾಜಕುಮಾರನಾದ ದೊಡ್ಡ ವೀರರಾಜೇಂದ್ರನೂ ಪಿರಿಯಾಪಟ್ಟಣದ ಸೆರೆಯಲ್ಲಿ ಬೆಳೆದವನು. 1788ರ ಡಿಸೆಂಬರ್ ತಿಂಗಳಿನಲ್ಲಿ ಅಲ್ಲಿಂದ ತಪ್ಪಿಸಿಕೊಂಡು ಬಂದು ತನ್ನ ನಾಡನ್ನು ಮತ್ತೆ ಕಟ್ಟಿದವನು. ಕೊಡಗಿನ ಅರಸನಿಗೂ, ಕೊಡಗಿನ ರೈತನಿಗೂ, ಮಂಗಳೂರಿನ ಕ್ರೈಸ್ತನಿಗೂ ಸೆರೆಯ ಅನ್ನದ ರುಚಿ ಒಂದೇ ಆಗಿತ್ತು.

ವೀರಾಜಪೇಟೆಯ ಆಶ್ರಯ

ಮೂರನೆಯ ಮೈಸೂರು ಯುದ್ಧದಲ್ಲಿ ವೀರರಾಜೇಂದ್ರನು ಇಂಗ್ಲಿಷರ ಪಕ್ಷ ವಹಿಸಿದನು. 1791ರಲ್ಲಿ ಜನರಲ್ ಅಬರ್‌ಕ್ರೊಂಬಿಯ ಸೈನ್ಯವು ಮಲಬಾರಿನಿಂದ ಕೊಡಗಿನ ಮೂಲಕವೇ ಶ್ರೀರಂಗಪಟ್ಟಣದತ್ತ ಸಾಗಿತು. ಆ ಗೊಂದಲದ ದಿನಗಳಲ್ಲಿ ಸೆರೆಯಲ್ಲಿದ್ದ ಕೊಡವರು ತಂಡತಂಡವಾಗಿ ತಪ್ಪಿಸಿಕೊಂಡು ತಾಯ್ನಾಡಿಗೆ ಮರಳಿದರು. ಅವರ ಜೊತೆಯಲ್ಲೇ, ಅದೇ ಕಾಡುದಾರಿಗಳಲ್ಲಿ, ಕೊಂಕಣಿ ಕ್ರೈಸ್ತರ ಕೆಲವು ಕುಟುಂಬಗಳೂ ಕೊಡಗನ್ನು ಸೇರಿದವು. ಅಬರ್‌ಕ್ರೊಂಬಿಯನ್ನು ತಾನು ಭೇಟಿಯಾದುದರ ನೆನಪಿಗಾಗಿ ರಾಜನು 1792ರಲ್ಲಿ ತನ್ನ ಹೆಸರಿನಲ್ಲೇ ಒಂದು ಪೇಟೆಯನ್ನು ಕಟ್ಟಿಸಿದನು. ಅದೇ ವೀರರಾಜೇಂದ್ರಪೇಟೆ, ಇಂದಿನ ವೀರಾಜಪೇಟೆ. ಸೆರೆಯಿಂದ ಬಂದ ಕ್ರೈಸ್ತರನ್ನು ಆತನು ಅದೇ ಪೇಟೆಯಲ್ಲಿ ನೆಲೆಗೊಳಿಸಿದನು. ಅವರಿಗೆ ನೆಲವನ್ನಿತ್ತು ದೇವಾಲಯ ಕಟ್ಟಿಕೊಳ್ಳಲು ಅನುಕೂಲ ಮಾಡಿಕೊಟ್ಟನು. ಹೀಗೆ ವೀರಾಜಪೇಟೆಯ ಸಂತ ಅನ್ನಮ್ಮನವರ ದೇವಾಲಯವು 1792ರಲ್ಲಿ ಸ್ಥಾಪಿತವಾಯಿತು. ಕೊಡಗಿನ ಕಥೋಲಿಕರ ಪಾಲಿಗೆ ಅದು ತಾಯಿ ದೇವಾಲಯ.

ರಾಜನು ವೀರಶೈವ, ಆಶ್ರಯ ಪಡೆದವರು ಕಥೋಲಿಕರು. ಇದನ್ನು ರಾಜನ ದಯಾಗುಣವೆಂದು ಹೊಗಳುವುದು ಸರಿಯೇ. ಆದರೆ ರಾಜನಿಗೂ ಜನ ಬೇಕಾಗಿದ್ದರೆಂಬುದನ್ನು ಅರಿತರೆ ಆ ಹೊಗಳಿಕೆಗೆ ಕುಂದೇನೂ ಬಾರದು. ಯುದ್ಧದಿಂದಲೂ ಸೆರೆಯಿಂದಲೂ ಕೊಡಗು ಬರಿದಾಗಿತ್ತು. ಗದ್ದೆಗಳು ಹಾಳುಬಿದ್ದಿದ್ದವು. ಉಳುವ ಕೈ, ಕಟ್ಟುವ ಕೈ, ವ್ಯಾಪಾರ ಬಲ್ಲ ಕೈ, ಎಲ್ಲವೂ ಆತನಿಗೆ ಅವಶ್ಯವಾಗಿದ್ದವು. ಕೊಡುವವನಿಗೂ ಪಡೆಯುವವನಿಗೂ ಪರಸ್ಪರ ಅಗತ್ಯವಿದ್ದಾಗ ಕೊಟ್ಟ ಆಶ್ರಯ ಬಾಳಿಕೆ ಬರುತ್ತದೆ. ವೀರಾಜಪೇಟೆಯ ಕ್ರೈಸ್ತರು ಭಿಕ್ಷುಕರಂತೆ ಬದುಕಲಿಲ್ಲ. ನೆಲವುಳ್ಳವರಾಗಿ, ಕಸುಬುಳ್ಳವರಾಗಿ ಬದುಕಿದರು. ನೆಲವಿದ್ದುದರಿಂದ ಮನೆ ನಿಂತಿತು. ಮನೆ ನಿಂತುದರಿಂದ ಭಾಷೆಯೂ ಆಚಾರವೂ ತಲೆಮಾರುಗಳಿಗೆ ಇಳಿದು ಬಂದವು.

1799ರ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದು ಉಳಿದ ಸೆರೆಯಾಳುಗಳಿಗೆ ಬಿಡುಗಡೆಯಾಯಿತು. ಬಹುಮಂದಿ ಕೆನರಾಕ್ಕೆ ಹಿಂತಿರುಗಿದರು. ಕೆಲವರು ಮೈಸೂರು ಸೀಮೆಯಲ್ಲೇ ಉಳಿದರು. ಚದುರಿಹೋದ ಈ ಮಂದೆಯನ್ನು ಮತ್ತೆ ಕೂಡಿಸಲು ಬಂದವರು ಪ್ಯಾರಿಸ್ ವಿದೇಶಿ ಮಿಷನ್ ಸಂಘದ ಪೂಜ್ಯ ಆಬೆ ದುಬ್ವಾ. ಬಲವಂತದಿಂದ ಧರ್ಮವನ್ನು ತೊರೆದಿದ್ದವರನ್ನು ಅವರು ಕಠೋರವಾಗಿ ಕಾಣದೆ, ಸಮಾಧಾನಪಡಿಸಿ ಮತ್ತೆ ಧರ್ಮಸಭೆಯ ಮಡಿಲಿಗೆ ಸೇರಿಸಿದರು. 1823ರವರೆಗೆ ಅವರು ಮೈಸೂರು ಸೀಮೆಯಲ್ಲಿ ಸೇವೆ ಸಲ್ಲಿಸಿದರು. ಅವರ ಸಂಘದ ಫ್ರೆಂಚ್ ಗುರುಗಳ ಆಶ್ರಯದಲ್ಲೇ 1850ರಲ್ಲಿ ಮೈಸೂರು ಪ್ರತ್ಯೇಕ ವಿಕಾರಿಯೇಟ್ ಆಯಿತು, 1886ರಲ್ಲಿ ಧರ್ಮಪ್ರಾಂತವಾಯಿತು. ಕೊಡಗು ಆ ಪ್ರಾಂತಕ್ಕೆ ಸೇರಿದ್ದು ಇಂದಿಗೂ ಹಾಗೆಯೇ ಇದೆ.

ಕಾಫಿಯ ಹಿಂದೆ ಬಂದವರು

1834ರಲ್ಲಿ ಇಂಗ್ಲಿಷರು ಚಿಕ್ಕ ವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ತಮ್ಮ ಆಳ್ವಿಕೆಗೆ ಸೇರಿಸಿಕೊಂಡರು. ಇಪ್ಪತ್ತು ವರ್ಷಗಳ ತರುವಾಯ, 1854ರಲ್ಲಿ, ಫೌಲರ್ ಎಂಬಾತನು ಮಡಿಕೇರಿಯ ಬಳಿ ಯೂರೋಪಿಯನ್ನರ ಮೊದಲನೆಯ ಕಾಫಿ ತೋಟವನ್ನು ತೆರೆದನು. ಅಲ್ಲಿಂದ ಮುಂದೆ ಕೊಡಗಿನ ಚಹರೆಯೇ ಬದಲಾಯಿತು. ಸಿದ್ದಾಪುರ, ಪಾಲಿಬೆಟ್ಟ, ಅಮ್ಮತ್ತಿ, ಸುಂಟಿಕೊಪ್ಪಗಳ ಸುತ್ತಲಿನ ಕಾಡು ಕಾಫಿಗೆ ಸ್ಥಳ ಬಿಟ್ಟುಕೊಟ್ಟಿತು. ಬೆಳೆದ ಕಾಫಿ ಗಾಡಿಗಳಲ್ಲಿ ಘಟ್ಟವಿಳಿದು ತಲಶ್ಶೇರಿ ಮತ್ತು ಮಂಗಳೂರುಗಳ ಸಂಸ್ಕರಣಾಗಾರಗಳನ್ನು ಸೇರುತ್ತಿತ್ತು. ಅಲ್ಲಿಂದ ಹಡಗೇರಿ ಲಂಡನ್ನಿಗೆ ಹೋಗುತ್ತಿತ್ತು.

ಗಣಿಗೂ ತೋಟಕ್ಕೂ ಒಂದು ಸಾಮ್ಯವುಂಟು: ಎರಡಕ್ಕೂ ಅಗಾಧವಾದ ದುಡಿಮೆ ಬೇಕು, ಸ್ಥಳೀಯರಿಂದ ಅದು ದೊರಕದು. ಕೊಡವರು ಜಮ್ಮಾ ಹಕ್ಕಿನ ಗದ್ದೆಗಳ ಒಡೆಯರು, ಕೂಲಿಗೆ ಬರುವವರಲ್ಲ. ಆದುದರಿಂದ ತೋಟದ ಮೇಸ್ತ್ರಿಗಳು ಮೈಸೂರು ಸೀಮೆಗೂ, ಸೇಲಂ ಮುಂತಾದ ತಮಿಳು ಜಿಲ್ಲೆಗಳಿಗೂ, ದಕ್ಷಿಣ ಕನ್ನಡಕ್ಕೂ, ಮಲಬಾರಿಗೂ ಆಳು ತರಲು ಹೋದರು. ಪದ್ಧತಿ ಹೀಗಿತ್ತು: ತೋಟದ ದೊರೆಯು ಮೇಸ್ತ್ರಿಗೆ ಮುಂಗಡ ಹಣ ಕೊಡುವನು, ಮೇಸ್ತ್ರಿಯು ಮಳೆ ಕೈಕೊಟ್ಟ ಹಳ್ಳಿಗಳಲ್ಲಿ ಅದನ್ನು ಹಂಚಿ ಕುಟುಂಬಗಳನ್ನು ಕರೆತರುವನು, ಕೂಲಿಯಿಂದ ಆ ಹಣ ಮುರಿದುಕೊಳ್ಳಲ್ಪಡುವುದು. ಸಾಲ ತೀರುವ ಮೊದಲೇ ಮದುವೆಗೋ ಕಾಯಿಲೆಗೋ ಮತ್ತೆ ಸಾಲ ಹುಟ್ಟುವುದು. ಮುಂಗಡ ಪಡೆದು ಕೆಲಸ ಬಿಟ್ಟು ಹೋದವನನ್ನು ಸೆರೆಗೆ ಕಳುಹಿಸಲು 1859ರ ಕರಾರುಭಂಗ ಕಾಯಿದೆಯಲ್ಲಿ ಅವಕಾಶವಿತ್ತು. 1920ರ ದಶಕದ ನಡುವಿನವರೆಗೆ ಆ ಕಾಯಿದೆ ಜೀವಂತವಾಗಿತ್ತು. ಕೊಡಗಿಗೆ ಮೊದಲು ಬಂದ ಕ್ರೈಸ್ತನು ಸೆರೆಯಿಂದ ಬಿಡಿಸಿಕೊಂಡು ಬಂದನು. ಎರಡನೆಯ ಬಾರಿ ಬಂದವನು ಸೆರೆಯ ಭಯವನ್ನು ಹೊತ್ತುಕೊಂಡೇ ಬಂದನು.

ಹೀಗೆ ಬಂದವರಲ್ಲಿ ಫ್ರೆಂಚ್ ಗುರುಗಳಿಂದ ದೀಕ್ಷೆ ಪಡೆದ ಹಳ್ಳಿಗಳ ಕನ್ನಡ ಕ್ರೈಸ್ತರೂ ತಮಿಳು ಕ್ರೈಸ್ತರೂ ಇದ್ದರು. ಮಂಗಳೂರಿನಿಂದ ಕೊಂಕಣಿ ಕ್ರೈಸ್ತರು ಈ ಬಾರಿ ರೈಟರುಗಳಾಗಿ, ಮರಗೆಲಸದವರಾಗಿ, ಉಪಾಧ್ಯಾಯರಾಗಿ, ಕ್ರಮೇಣ ಸಣ್ಣ ಪ್ಲಾಂಟರುಗಳಾಗಿ ಘಟ್ಟ ಹತ್ತಿದರು. 20ನೆಯ ಶತಮಾನದಲ್ಲಿ ತಿರುವಾಂಕೂರಿನ ರೈತರು ಮಲಬಾರಿಗೂ ವಯನಾಡಿಗೂ ವಲಸೆ ಬಂದಾಗ, ಅದರ ಅಲೆ ಕೊಡಗಿನ ಗಡಿಯನ್ನೂ ದಾಟಿ ಮಲಯಾಳಿ ಕಥೋಲಿಕರನ್ನು ತಂದಿತು.

ಲೈನ್ ಮನೆಯ ಬಾಳು ಮತ್ತು ಸಿಮಿತ್ರಿಯ ನೆಲ

ಲೈನ್ ಮನೆಯೆಂದರೆ ಒಂದೇ ಸೂರಿನ ಕೆಳಗೆ ಸಾಲಾಗಿ ಕಟ್ಟಿದ ಒಂದೊಂದು ಕೋಣೆಯ ಬಿಡಾರಗಳು. ಬೆಳಿಗ್ಗೆ ಹಾಜರಿ, ಸಂಜೆ ತೂಕ, ವಾರಕ್ಕೊಮ್ಮೆ ಸಂತೆ, ಮಳೆಗಾಲದಲ್ಲಿ ಮಲೇರಿಯಾ. ನವೆಂಬರಿನಿಂದ ಅರೇಬಿಕಾ, ಅದರ ಬೆನ್ನಿಗೆ ಮಾರ್ಚ್‌ವರೆಗೆ ರೊಬಸ್ಟಾ ಕೊಯ್ಲು. ಅನಂತರ ಹೂಮಳೆಗಾಗಿ ಕಾಯುವಿಕೆ. ಕ್ರಿಸ್ತಜಯಂತಿ ಬರುವುದು ಕೊಯ್ಲಿನ ನಡುವೆ. ಮಧ್ಯರಾತ್ರಿಯ ಬಲಿಪೂಜೆಗೆ ಬಂದ ಕೂಲಿಕಾರರು ಮರುದಿನದ ಬಿಡುವಿನ ನಂತರ ಮತ್ತೆ ಗಿಡದ ಬುಡಕ್ಕೆ ಹಿಂತಿರುಗಬೇಕಾಗುತ್ತಿತ್ತು. ಸ್ವಾತಂತ್ರ್ಯಾನಂತರ 1951ರ ಪ್ಲಾಂಟೇಶನ್ ಕಾರ್ಮಿಕರ ಕಾಯಿದೆಯು ವಸತಿ, ವೈದ್ಯಕೀಯ ನೆರವು, ಶಿಶುಗೃಹ, ಶಾಲೆಗಳನ್ನು ಮಾಲೀಕರ ಹೊಣೆಯಾಗಿಸಿತು. ಬಾಳು ಸ್ವಲ್ಪ ಹಸನಾಯಿತು. ಆದರೂ ಲೈನ್ ಮನೆ ದುಡಿಯುವವರೆಗೆ ಮಾತ್ರ ಮನೆ. ಮೂರು ತಲೆಮಾರು ಅದೇ ತೋಟದಲ್ಲಿ ಬೆವರು ಸುರಿಸಿದವರಿಗೂ ಮುಪ್ಪಿನಲ್ಲಿ ತಮ್ಮದೆನ್ನುವ ಒಂದು ಗೇಣು ಜಾಗವಿರಲಿಲ್ಲ.

ಇಲ್ಲಿ ಧರ್ಮಕೇಂದ್ರದ ಮಹತ್ವ ಕಾಣುತ್ತದೆ. 1792ರಲ್ಲಿ ಬಂದವರಿಗೆ ರಾಜನು ನೆಲ ಕೊಟ್ಟನು. ಕಾಫಿಯ ಹಿಂದೆ ಬಂದವರಿಗೆ ಯಾವ ರಾಜನೂ ಕೊಡಲಿಲ್ಲ. ಅವರಿಗೆ ಕೊಡಗಿನಲ್ಲಿ ಮೊದಲು ದೊರೆತ ಸ್ವಂತ ನೆಲವೆಂದರೆ ಸಿಮಿತ್ರಿಯಲ್ಲಿ ಮೂರು ಮೊಳ. ಅಪ್ಪನನ್ನು ಹೂಳಿದ ನೆಲವನ್ನು ಬಿಟ್ಟು ಹೋಗಲು ಮನಸ್ಸು ಒಡಂಬಡುವುದಿಲ್ಲ. ಸುಗ್ಗಿ ಮುಗಿದೊಡನೆ ತನ್ನೂರಿಗೆ ಹಿಂತಿರುಗುತ್ತಿದ್ದ ಕೂಲಿಕಾರನು, ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಮೇಣದ ಬತ್ತಿ ಹಚ್ಚಲು ಇಲ್ಲೊಂದು ಸಮಾಧಿಯಿರುವಾಗ, ಕೊಡಗಿನವನಾಗತೊಡಗಿದನು. ಮಣ್ಣಿನ ಹಕ್ಕು ಕಂದಾಯದ ಕಡತದಿಂದ ಬಾರದಿದ್ದಾಗ ಕಣ್ಣೀರಿನಿಂದ ಬಂದಿತೆಂದರೆ ತಪ್ಪಾಗದು.

ದೇವಾಲಯದ ಪುಸ್ತಕಗಳೂ ಇದೇ ಕೆಲಸವನ್ನು ಮೌನವಾಗಿ ಮಾಡಿದವು. 1917ರ ಧರ್ಮಸಭೆಯ ಕಾನೂನಿನಂತೆ ಜ್ಞಾನಸ್ನಾನದ ದಾಖಲೆಯಲ್ಲಿ ಮಗುವಿನ, ತಂದೆತಾಯಿಗಳ, ಜ್ಞಾನ ತಂದೆತಾಯಿಗಳ ಹೆಸರು, ದಿನಾಂಕ, ಸ್ಥಳ ಇರತಕ್ಕದ್ದು. ಮದುವೆ ಬೇರೆ ದೇವಾಲಯದಲ್ಲಿ ನಡೆದರೆ ಜ್ಞಾನಸ್ನಾನ ಪಡೆದ ದೇವಾಲಯಕ್ಕೆ ಅದನ್ನು ತಿಳಿಸತಕ್ಕದ್ದು. ಹಾಜರಿ ಪುಸ್ತಕದಲ್ಲಿ ಕೂಲಿಕಾರನ ಹೆಸರು ಆ ದಿನದ ಕೂಲಿಯ ಮಟ್ಟಿಗೆ ಬರೆಯಲ್ಪಟ್ಟರೆ, ದೇವಾಲಯದ ಪುಸ್ತಕದಲ್ಲಿ ಅವನ ಹೆಸರು ತಂದೆಯ ಹೆಸರಿನೊಡನೆ, ತಾಯಿಯ ಹೆಸರಿನೊಡನೆ, ಊರಿನ ಹೆಸರಿನೊಡನೆ ಶಾಶ್ವತವಾಗಿ ನಿಂತಿತು. ಅಕ್ಷರ ತಿಳಿಯದವನಿಗೆ ತಾನು ಯಾರೆಂಬುದಕ್ಕೆ ಇದ್ದ ಲಿಖಿತ ಸಾಕ್ಷಿ ಅನೇಕ ವೇಳೆ ಇದೊಂದೇ. ಎಷ್ಟೋ ಮಕ್ಕಳ ಶಾಲಾ ಪ್ರವೇಶಕ್ಕೆ ಇದೇ ಆಧಾರವಾಯಿತು.

ಆದರೆ ಎಲ್ಲವೂ ಸುಗಮವಾಗಿತ್ತೆಂದು ಬರೆಯುವುದು ಚರಿತ್ರೆಯಾಗದು. ಮೊದಲು ಬಂದವರು ಅನಂತರ ಬಂದವರನ್ನು ಸಮನಾಗಿ ಕಾಣಲು ಬಹುಕಾಲ ಹಿಡಿಯಿತು. ದಕ್ಷಿಣ ಭಾರತದ ಅನೇಕ ಕ್ರೈಸ್ತ ಸಮುದಾಯಗಳಂತೆ ನಮ್ಮಲ್ಲಿಯೂ ಜಾತಿಯ ನೆನಪು ಜ್ಞಾನಸ್ನಾನದ ನೀರಿನಲ್ಲಿ ಕರಗಿಹೋಗಲಿಲ್ಲ. ರೈಟರನ ಮಗಳಿಗೂ ಲೈನ್ ಮನೆಯ ಹುಡುಗನಿಗೂ ಬಲಿಪೂಜೆ ಒಂದೇ ಆಗಿದ್ದರೂ ಬಾಗಿಲಾಚೆಯ ಲೋಕ ಎರಡಾಗಿತ್ತು. 1950ರ ರಾಷ್ಟ್ರಪತಿಗಳ ಆದೇಶವು ಪರಿಶಿಷ್ಟ ಜಾತಿಯ ಸೌಲಭ್ಯಗಳನ್ನು ಕ್ರೈಸ್ತ ದಲಿತರಿಗೆ ಅನ್ವಯಿಸದೆ ಹೋದುದರಿಂದ, ನಮ್ಮ ಕೂಲಿಕಾರ ಬಾಂಧವರಲ್ಲಿ ಬಹುಮಂದಿ ಸಮಾಜದಲ್ಲಿ ದಲಿತರಾಗಿಯೇ ಉಳಿದು ಕಾಗದದಲ್ಲಿ ಮಾತ್ರ ಅಲ್ಲದವರಾದರು. ಸರ್ಕಾರದ ನೆರವಿಲ್ಲದೆಡೆಯಲ್ಲಿ ಧರ್ಮಭಗಿನಿಯರ ಶಾಲೆಗಳೂ ಔಷಧಾಲಯಗಳೂ ಮಾಡಿದ ಸೇವೆ ಸ್ತುತ್ಯರ್ಹ. ಆದರೆ ಆ ಕೊರತೆಯನ್ನು ಅವು ಪೂರ್ತಿ ತುಂಬಬಲ್ಲವಾಗಿರಲಿಲ್ಲ.

ಮಾತುಗಳು ಹಲವು, ಬಲಿಪೂಜೆ ಒಂದು

ಬಹುಕಾಲ ಭಾಷೆಯ ಪ್ರಶ್ನೆ ತೀವ್ರವಾಗದಂತೆ ತಡೆದದ್ದು ಲತೀನು. ಬಲಿಪೂಜೆ ಯಾರ ಮಾತಿನಲ್ಲಿಯೂ ಇರಲಿಲ್ಲವಾದ್ದರಿಂದ ಎಲ್ಲರದೂ ಆಗಿತ್ತು. ಪ್ರಬೋಧನೆ ಮತ್ತು ಜಪಗಳು ಮಾತ್ರ ಕೊಂಕಣಿಯಲ್ಲೋ ತಮಿಳಿನಲ್ಲೋ ಕನ್ನಡದಲ್ಲೋ ನಡೆಯುತ್ತಿದ್ದವು. ಎರಡನೆಯ ವ್ಯಾಟಿಕನ್ ಮಹಾಸಭೆಯು 1963ರ ಡಿಸೆಂಬರ್ 4ರಂದು ದೈವಾರಾಧನಾ ವಿಧಿಯನ್ನು ಕುರಿತ ಸಂವಿಧಾನವನ್ನು ಪ್ರಕಟಿಸಿ ಜನರ ಮಾತಿಗೆ ಬಾಗಿಲು ತೆರೆಯಿತು. ಆಗ ಪ್ರಶ್ನೆ ಎದ್ದಿತು: ಜನರ ಮಾತೆಂದರೆ ಯಾವ ಜನರ ಮಾತು? ಅಷ್ಟರಲ್ಲಿ ಕೊಡಗು 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗಿತ್ತು. ಶಾಲೆಯ ಮಾತು ಕನ್ನಡ, ಕಚೇರಿಯ ಮಾತು ಕನ್ನಡ. ಕೊಡಗಿನ ಅರಸರ ಆಸ್ಥಾನದ ಬರಹಗಳೂ ಕನ್ನಡದಲ್ಲೇ ಇದ್ದವು. ಎಲ್ಲರಿಗೂ ತಿಳಿಯುವ ಮಾತಾಗಿ ಕನ್ನಡವು ಬಲಿಪೀಠಕ್ಕೆ ಬಂದುದು ನ್ಯಾಯವೇ. ಆದರೆ ಅಜ್ಜಿಯು ತಾನು ಕಲಿತ ಮಾತಿನಲ್ಲಲ್ಲದೆ ಜಪಸರವನ್ನು ಮುಗಿಸಲಾರಳೆಂಬುದೂ ಅಷ್ಟೇ ನಿಜ.

ಈ ಕಷ್ಟ ನಮ್ಮೊಬ್ಬರದೇ ಅಲ್ಲ. ದೂರದ ಅಮೆರಿಕದಲ್ಲಿ ನಡೆದ ಒಂದು ಸಂಗತಿ ಇಲ್ಲಿ ಪಾಠವಾಗಬಲ್ಲದು. ಪೆನ್ಸಿಲ್ವೇನಿಯದ ಕಲ್ಲಿದ್ದಲ ಗಣಿಗಳಿಗೆ 1860ರ ದಶಕದ ಅನಂತರ ಯೂರೋಪಿನ ಲಿಥುವೇನಿಯದಿಂದ ಬಡ ಕಥೋಲಿಕ ರೈತರು ತಂಡತಂಡವಾಗಿ ಬಂದರು. ಅವರ ತಾಯ್ನಾಡಿನಲ್ಲಿ ರಷ್ಯದ ಚಕ್ರವರ್ತಿಯ ಸರ್ಕಾರವು ಲಿಥುವೇನಿಯನ್ ಭಾಷೆಯನ್ನು ಲತೀನು ಲಿಪಿಯಲ್ಲಿ ಅಚ್ಚು ಮಾಡುವುದನ್ನು 1904ರವರೆಗೆ ಸುಮಾರು ನಾಲ್ವತ್ತು ವರ್ಷಕಾಲ ನಿಷೇಧಿಸಿತ್ತು. ಪ್ರಾರ್ಥನಾ ಪುಸ್ತಕವೂ ಕಳ್ಳಸಾಗಣೆಯ ವಸ್ತುವಾಗಿದ್ದ ನಾಡಿನಿಂದ ಬಂದವರಿಗೆ ಭಾಷೆ ಪ್ರಾಣಸಮಾನವಾದುದು ಸಹಜ. ಶೆನಂಡೋವ ಎಂಬ ಗಣಿ ಪಟ್ಟಣದಲ್ಲಿ ಅವರು ಮೊದಲು ಪೋಲಿಷರೊಡನೆ ಸಂತ ಕಾಸಿಮಿರರ ದೇವಾಲಯವನ್ನು ಹಂಚಿಕೊಂಡರು. ಮಾತಿನ ಸಲುವಾಗಿ ಮನಸ್ಸು ಒಡೆಯಿತು. 1891ರಲ್ಲಿ ಅವರು ತಮ್ಮದೇ ಆದ ಸಂತ ಜಾರ್ಜರ ಧರ್ಮಕೇಂದ್ರವನ್ನು ಸ್ಥಾಪಿಸಿಕೊಂಡು, ಗಣಿಯ ಕೂಲಿಯಿಂದಲೇ ಭವ್ಯವಾದ ಮಂದಿರವನ್ನು ಕಟ್ಟಿದರು. ಕಾಲಾಂತರದಲ್ಲಿ ಕಲ್ಲಿದ್ದಲ ಉದ್ಯಮ ಕುಸಿಯಿತು. ಮೊಮ್ಮಕ್ಕಳು ಇಂಗ್ಲಿಷಿಗೆ ಹೊರಳಿ ನಗರಗಳಿಗೆ ಚದುರಿದರು. 2010ರಲ್ಲಿ ಆ ದೇವಾಲಯವನ್ನು ಕೆಡವಲಾಯಿತು. ಅವರ ಶ್ರದ್ಧೆಗೆ ನಾವು ತಲೆಬಾಗುತ್ತೇವೆ. ಆದರೆ ಒಂದು ಮಾತಿಗೆ ಮಾತ್ರ ಸೇರಿದ ದೇವಾಲಯವು ಆ ಮಾತಿನೊಡನೆಯೇ ಸೊರಗುವ ಅಪಾಯವಿದೆ ಎಂಬುದನ್ನು ಕಾಣದಿರಲಾರೆವು.

ನಮ್ಮ ಹಿರಿಯರಿಗೆ ಬೇರೆಬೇರೆ ದೇವಾಲಯ ಕಟ್ಟಿಕೊಳ್ಳುವಷ್ಟು ಸಂಖ್ಯೆಯೂ ಇರಲಿಲ್ಲ, ಹಣವೂ ಇರಲಿಲ್ಲ. ಇಂದಿಗೂ ಕೊಡಗಿನ ಜನಸಂಖ್ಯೆಯಲ್ಲಿ ಕ್ರೈಸ್ತರು ನೂರಕ್ಕೆ ಸುಮಾರು ಮೂವರು ಮಾತ್ರ. ಆ ಬಡತನವೇ ವರವಾಯಿತು. ಒಂದೇ ಮಂದಿರದಲ್ಲಿ ಕೂಡಿರಬೇಕಾಗಿ ಬಂದುದರಿಂದ ಒಬ್ಬರ ಹಾಡನ್ನು ಇನ್ನೊಬ್ಬರು ಕಲಿತರು.

ಸೆಪ್ಟೆಂಬರ್ 8ರ ಉದಾಹರಣೆಯೊಂದೇ ಸಾಕು. ಅಂದು ಮಾತೆ ಮರಿಯಮ್ಮನವರ ಜನ್ಮೋತ್ಸವ. ಕೊಂಕಣಿ ಕುಟುಂಬಗಳಿಗೆ ಅದು ಮೊಂತಿ ಹಬ್ಬ; ಮಕ್ಕಳು ಬಾಲಮರಿಯಮ್ಮನಿಗೆ ಹೂ ಅರ್ಪಿಸುತ್ತಾರೆ, ಹೊಸ ತೆನೆಯನ್ನು ಮಂತ್ರಿಸಿ ಮನೆಮನೆಗೆ ಒಯ್ಯುತ್ತಾರೆ, ಹೊಸ ಅಕ್ಕಿಯನ್ನು ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಉಣ್ಣುತ್ತಾರೆ. ತಮಿಳು ಕುಟುಂಬಗಳಿಗೆ ಅದು ಆಗಸ್ಟ್ 29ರ ಧ್ವಜಾರೋಹಣದಿಂದ ಆರಂಭವಾದ ವೇಳಾಂಗಣಿ ಮಾತೆಯ ನವದಿನಗಳ ಸಮಾಪ್ತಿ. ಮಲಯಾಳಿ ಕುಟುಂಬಗಳಿಗೆ ಎಂಟು ದಿನಗಳ ನೋಂಬಿನ ಮುಕ್ತಾಯ. ಅದೇ ವಾರದ ಸೆಪ್ಟೆಂಬರ್ 3ರಂದು ನಮ್ಮ ಕೊಡವ ನೆರೆಯವರು ನಾಟಿ ಮುಗಿಸಿ ಕೈಲ್ ಪೊಳ್ದ್ ಹಬ್ಬವನ್ನಾಚರಿಸುತ್ತಾರೆ. ವರ್ಷದ ಕೊನೆಯಲ್ಲ�� ಪುತ್ತರಿಯಂದು ಕೊಡವರು ತೆನೆ ಕೊಯ್ದು ಮನೆ ತುಂಬಿಸಿಕೊಳ್ಳುವುದನ್ನು ಕಂಡ ಕೊಂಕಣಿ ರೈತನಿಗೆ ಅದು ಪರರ ಹಬ್ಬವೆನಿಸಿರಲಾರದು. ಹೊಸ ಅಕ್ಕಿಗೆ ದೇವರ ಮುಂದೆ ಕೃತಜ್ಞತೆ ಸಲ್ಲಿಸುವವರೆಲ್ಲರೂ ಒಂದು ವಿಧದಲ್ಲಿ ಬಂಧುಗಳೇ. ಊಟದ ಎಲೆಯಲ್ಲಿಯೂ ಇದೇ ಕಥೆ: ಹಂದಿಮಾಂಸದ ಅಡಿಗೆ ಕೊಂಕಣಿ ಕ್ರೈಸ್ತರ ಮದುವೆಗೂ ಬೇಕು, ಕೊಡವರ ಮದುವೆಗೂ ಬೇಕು. ನಮ್ಮವರ ಮನೆಗಳಲ್ಲಿ ಕಾಚಂಪುಳಿಯೂ ಕಡಂಬುಟ್ಟೂ ಬಂದು ಸೇರಿದವು.

ಬೆರೆಯುವುದೆಂದರೆ ಕಳೆದುಹೋಗುವುದಲ್ಲವೆಂದು ಕೊಡಗಿನ ಕಥೋಲಿಕರ ಬಾಳು ತೋರಿಸುತ್ತದೆ. ಆದರೆ ಏನೂ ಕಳೆದಿಲ್ಲವೆಂದು ಹೇಳುವಂತೆಯೂ ಇಲ್ಲ. ಹಳೆಯ ಕೊಂಕಣಿ ಹಾಡುಗಳೂ, ಲೈನ್ ಮನೆಗಳ ಮುಂದೆ ತಪಸ್ಸುಕಾಲದಲ್ಲಿ ಕೇಳಿಬರುತ್ತಿದ್ದ ತಮಿಳಿನ ಶೋಕಗೀತೆಗಳೂ ಬಲ್ಲವರ ಬಾಯಲ್ಲಿ ಇನ್ನಷ್ಟು ದಿನ ಮಾತ್ರ ಉಳಿಯುತ್ತವೆ. ಅವನ್ನು ಕೇಳಿ ಬರೆದಿಡುವುದು ಶತಮಾನೋತ್ಸವದ ಒಂದು ಕಾರ್ಯಕ್ರಮವಾಗಲೆಂದು ನಮ್ಮ ಆಶಯ.

ಇಂದು ಬರುತ್ತಿರುವವರು

2018ರ ಆಗಸ್ಟ್ ತಿಂಗಳಿನಲ್ಲಿ ಮಳೆ ಸುರಿದು ಬೆಟ್ಟಗಳು ಜಾರಿ ಕೊಡಗಿನ ಸಾವಿರಾರು ಮಂದಿ ಮನೆ ತೊರೆದಾಗ, ಅಂದಿನವರೆಗೆ ಒಡೆಯರಾಗಿದ್ದವರೂ ಕೂಲಿಕಾರರಾಗಿದ್ದವರೂ ಒಂದೇ ಚಾಪೆಯ ಮೇಲೆ ರಾತ್ರಿ ಕಳೆದರು. ನೆಲದ ಮೇಲಿನ ನಮ್ಮ ಹಕ್ಕು ಎಷ್ಟು ತೆಳುವೆಂಬುದನ್ನು ಆ ದಿನಗಳು ಎಲ್ಲರಿಗೂ ಕಲಿಸಿದವು.

ಇಂದು ನಮ್ಮ ತೋಟಗಳಲ್ಲಿ ಹೊಸ ಮಾತುಗಳು ಕೇಳಿಬರುತ್ತಿವೆ. ಹಳೆಯ ಕೂಲಿಕಾರರ ಮಕ್ಕಳು ಓದಿ ಮೈಸೂರಿಗೂ ಬೆಂಗಳೂರಿಗೂ ಹೋದಂತೆ, ಅವರ ಸ್ಥಾನಕ್ಕೆ ಅಸ್ಸಾಂ, ಜಾರ್ಖಂಡ್, ಬಂಗಾಳಗಳಿಂದ ದುಡಿಯುವವರು ಬಂದಿದ್ದಾರೆ. ಛೋಟಾನಾಗಪುರದ ಆದಿವಾಸಿಗಳ ನಡುವೆ 1885ರಿಂದ ದುಡಿದ ಜೆಸ್ವಿತ್ ಗುರು ಪೂಜ್ಯ ಕಾನ್‌ಸ್ಟಂಟ್ ಲೀವನ್ಸ್ ಮೊದಲಾದವರ ಶ್ರಮದಿಂದ ಆ ಜನರಲ್ಲಿ ಕಥೋಲಿಕರ ಸಂಖ್ಯೆ ದೊಡ್ಡದು. ಅಲ್ಲಿಂದ ಅಸ್ಸಾಮಿನ ಚಹಾ ತೋಟಗಳಿಗೂ ಬಹುಮಂದಿ ಹೋದರು. ನಮ್ಮ ದೇವಾಲಯದ ಹಿಂದಿನ ಸಾಲಿನಲ್ಲಿ ಭಾನುವಾರ ಮೌನವಾಗಿ ನಿಂತು, ಉತ್ತರಗಳನ್ನು ತನ್ನ ಮಾತಿನಲ್ಲಿ ಮೆಲ್ಲಗೆ ಹೇಳಿಕೊಂಡು ಹೋಗುವ ಅಪರಿಚಿತ ಯುವಕನು ಅವರಲ್ಲೊಬ್ಬನಿರಬಹುದು. ಅವನನ್ನು ಊರಿನವರು ಹೊರಗಿನವನೆನ್ನುತ್ತಾರೆ. ನಮ್ಮ ಮುತ್ತಜ್ಜನನ್ನೂ ಹಾಗೆಯೇ ಎನ್ನುತ್ತಿದ್ದರು.

ತಾವು ಈಜಿಪ್ಟಿನಲ್ಲಿ ಪರದೇಶಿಗಳಾಗಿದ್ದುದನ್ನು ಇಸ್ರಾಯೇಲ್ ಜನ ಮರೆಯಬಾರದೆಂದು ಮೋಶೆಯ ಧರ್ಮಶಾಸ್ತ್ರವು ಮತ್ತೆ ಮತ್ತೆ ಎಚ್ಚರಿಸಿತು. ಪ್ರಭು ಕ್ರಿಸ್ತರೂ ಶಿಶುವಾಗಿದ್ದಾಗಲೇ ಹೆರೋದನ ಭಯದಿಂದ ಅದೇ ಈಜಿಪ್ಟಿನಲ್ಲಿ ಆಶ್ರಯ ಪಡೆದವರು. ಸೆರೆಯಿಂದ ಬಂದವರಿಗೆ ಒಬ್ಬ ವೀರಶೈವ ಅರಸನು ನೆಲವನ್ನಿತ್ತನು. ಸಾಲದ ಹೊರೆ ಹೊತ್ತು ಬಂದವರಿಗೆ ಧರ್ಮಕೇಂದ್ರವು ಹೆಸರನ್ನೂ ಸಮಾಧಿಯ ನೆಲವನ್ನೂ ಇತ್ತಿತು. ಪಡೆದವರ ವಂಶಜರಾದ ನಾವು ಈಗ ಕೊಡುವ ಸ್ಥಾನದಲ್ಲಿದ್ದೇವೆ. ಬಂದವರ ಹೆಸರು ಕೇಳಿ ತಿಳಿದುಕೊಳ್ಳುವುದು, ಅವರ ಮಕ್ಕಳಿಗೆ ಶಾಲೆಯ ದಾರಿ ತೋರಿಸುವುದು, ಕಾಯಿಲೆ ಬಿದ್ದಾಗ ವಿಚಾರಿಸುವುದು, ಸತ್ತಾಗ ನಮ್ಮ ಸಿಮಿತ್ರಿಯಲ್ಲಿ ಗೌರವದಿಂದ ಸ್ಥಳ ನೀಡುವುದು, ಇವು ದೊಡ್ಡ ಕಾರ್ಯಗಳೇನಲ್ಲ. ಇವುಗಳಿಂದಲೇ ನಮ್ಮ ಹಿರಿಯರು ಕೊಡಗಿನವರಾದರು.

ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಧರ್ಮಕೇಂದ್ರದ ಪುಸ್ತಕಗಳಲ್ಲಿ ಇನ್ನು ಮುಂದೆ ಬರೆಯಲ್ಪಡುವ ಹೆಸರುಗಳು ಯಾವ ಊರಿನವಾದರೂ ಆಗಲಿ, ಯಾವ ಮಾತಿನವಾದರೂ ಆಗಲಿ, ಅವನ್ನೂ ನಮ್ಮವೆಂದೇ ಓದುವ ಮನಸ್ಸನ್ನು ಪ್ರಭುವು ನಮಗೆಲ್ಲರಿಗೂ ಕರುಣಿಸಲಿ.